ಅಪ್ಪಣೆ ಕೊಡದವಳು

ನಾನು ಕಟ್ಟಿದ ವೆಬ್‌ಸೈಟಿಗೆ ಬಂದ ಮೊದಲ ಪ್ರಶ್ನೆ ಮೀನಿನದು. ‘ಮೇಡಮ್ರಿ, ನಾ ಬಳಗ ಬಿಟ್ಟು ಎಂಟು ತಿಂಗಳಾತು. ಗುರುವಾರ ಮೀನ ಹಿಡೀಬಹುದೇನ್ರಿ?’

ಕೇಳಿದವನು ಭೀಮಾ ನದಿ ದಂಡೆಯ ಊರಿನವನು, ಮೀನು ಹಿಡಿದು ಮಾರಿ ಬದುಕುವವನು ಎಂದು ಆಮೇಲೆ ಗೊತ್ತಾಯಿತು. ನಾನು ಏನೇನೋ ನಿರೀಕ್ಷೆ ಮಾಡಿಕೊಂಡು ಕೂತಿದ್ದೆ. ಅಳು ಬರುತ್ತದೆ, ಸಿಟ್ಟು ಬರುತ್ತದೆ, ಕಳೆದುಹೋದ ವರ್ಷಗಳ ಮಾತು ಬರುತ್ತದೆ, ಅದಕ್ಕೆಲ್ಲ ಏನು ಉತ್ತರ ಬರೆಯಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದು ತಿದ್ದಿ ಇಟ್ಟುಕೊಂಡಿದ್ದೆ. ಈ ಪುಣ್ಯಾತ್ಮ ಗುರುವಾರದ ಮೀನಿನ ವಿಷಯ ಕೇಳುತ್ತಾನೆ! ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ನಕ್ಕೆ. ಆಮೇಲೆ ನಗು ತಾನಾಗಿಯೇ ನಿಂತಿತು. ಬಳಗ ಬಿಟ್ಟ ಮೇಲೆ ಒಂದು ವರ್ಷ ನಾನು ಹೊಸ ಬಳೆ ಇಟ್ಟುಕೊಳ್ಳಬೇಕಾದರೂ ಯಾರನ್ನು ಕೇಳಲಿ ಎಂದು ಆಚೆ ಈಚೆ ನೋಡುತ್ತಿದ್ದೆ.

ಬಳಗದ ಹೆಸರು ಹೇಳುವುದಿಲ್ಲ. ಹೇಳಿದರೆ ಅವರಿಗೆ ಪ್ರಚಾರ, ನನಗೆ ತಲೆನೋವು. ಒಳಗಿದ್ದವರು ಬಳಗ ಎಂದಷ್ಟೇ ಕರೆಯುತ್ತಿದ್ದೆವು. ಶಹಾಪುರದ ಹೊರಗೆ ರಸ್ತೆ ಪಕ್ಕ ತಗಡಿನ ಸೂರಿನ ದೊಡ್ಡ ಹಾಲ್ ಇತ್ತು. ಭಾನುವಾರ ಎಲ್ಲರೂ ಅಲ್ಲಿ ಸೇರುವುದು. ಹಾಡು, ಮಾತು, ಊಟ ಎಲ್ಲ ಇರುತ್ತಿತ್ತು, ಆದರೆ ಜನ ಕಾಯುತ್ತಿದ್ದದ್ದು ಅಪ್ಪಣೆಗೆ. ಹೊಲಕ್ಕೆ ಏನು ಬಿತ್ತಬೇಕು, ಮಗನ ಕೂದಲು ಎಂದು ತೆಗೆಸಬೇಕು, ತಮ್ಮನ ಮದುವೆಗೆ ಹೋಗಬೇಕೇ ಬೇಡವೇ, ಹೊಟ್ಟೆ ಆಪರೇಷನ್ ಮಾಡಿಸಬೇಕೇ, ಎಲ್ಲದಕ್ಕೂ ಸಾಲಿನಲ್ಲಿ ನಿಂತು ದೊಡ್ಡವರನ್ನು ಕೇಳಬೇಕು. ಕೇಳುವ ಮಾತು ಒಂದೇ ವಾಕ್ಯದಲ್ಲಿ ಮುಗಿಯಬೇಕು. ಮರೆಯಬಾರದೆಂದು ಹೆಂಗಸರು ಮನೆಯಿಂದ ಹೊರಡುವಾಗಲೇ ಒಂದೊಂದು ಮಾತಿಗೆ ಸೆರಗಿನಲ್ಲಿ ಒಂದೊಂದು ಗಂಟು ಹಾಕಿಕೊಳ್ಳುತ್ತಿದ್ದೆವು. ದೊಡ್ಡವರು ‘ಆಗಲಿ’ ಎಂದರೆ ಗಂಟು ಬಿಚ್ಚುವುದು, ‘ಬೇಡ’ ಎಂದರೂ ಬಿಚ್ಚುವುದು. ಏನೂ ಹೇಳದೆ ಮುಂದಿನವರ ಕಡೆ ನೋಡಿದರೆ ಕಾಯಬೇಕು, ಗಂಟು ಹಾಗೆಯೇ ಇರಬೇಕು.

ನಾನು ಯಾದಗಿರಿಯಲ್ಲಿ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳಿಗೆ ಪ್ರಶ್ನೆ ಕೇಳುವುದು ಕಲಿಸುವವಳು. ಅಂಥವಳು ಹನ್ನೊಂದು ವರ್ಷ ಸೆರಗಿಗೆ ಗಂಟು ಹಾಕಿಕೊಂಡು ಆ ಸಾಲಿನಲ್ಲಿ ನಿಂತೆ. ಯಾರೂ ನನ್ನನ್ನು ಎಳೆದುಕೊಂಡು ಹೋಗಲಿಲ್ಲ. ಗಂಡ ತೀರಿಕೊಂಡಿದ್ದರು, ಮನೆಯಲ್ಲಿ ಎಲ್ಲದಕ್ಕೂ ನಾನೊಬ್ಬಳೇ ತಲೆ ಓಡಿಸಿ ಓಡಿಸಿ ಸುಸ್ತಾಗಿದ್ದೆ. ಯಾರಾದರೂ ಹೇಳುತ್ತಾರೆ, ನಾನು ಮಾಡುತ್ತೇನೆ ಎನ್ನುವುದರಲ್ಲಿ ಎಂಥ ಆರಾಮವಿದೆ ಎಂಬುದು ಅದನ್ನು ಉಂಡವರಿಗೇ ಗೊತ್ತು. ಒಂಬತ್ತು ವರ್ಷದ ಮಗಳ ಕೈ ಹಿಡಿದುಕೊಂಡು ಹೋದವಳು ನಾನೇ. ಅವಳ ಪುಟ್ಟ ಲಂಗದ ಅಂಚಿಗೆ ಮೊದಲ ಗಂಟು ಹಾಕಿ ಕೊಟ್ಟವಳೂ ನಾನೇ. ಇದನ್ನು ಬರೆಯುವಾಗ ನನ್ನ ಕೈ ಕಡಿದು ಹಾಕಬೇಕು ಅನ್ನಿಸುತ್ತದೆ.

ಬಿಟ್ಟದ್ದು ಅವ್ವನ ಕಾರಣಕ್ಕೆ. ಬಳಿಚಕ್ರದಲ್ಲಿ ತವರು. ಅವ್ವನಿಗೆ ತೀರ ಹೆಚ್ಚಾಗಿದೆ ಎಂದು ತಮ್ಮ ಶನಿವಾರ ಫೋನ್ ಮಾಡಿದ. ಬಸ್ಸು ಹತ್ತಿದ್ದರೆ ಊಟದ ಹೊತ್ತಿಗೆ ಅವಳ ಮುಂದೆ ಇರುತ್ತಿದ್ದೆ. ಹತ್ತಲಿಲ್ಲ. ಭಾನುವಾರ ಶಹಾಪುರಕ್ಕೆ ಹೋಗಿ ಸಾಲಿನಲ್ಲಿ ನಿಂತು ಕೇಳಿದೆ. ದೊಡ್ಡವರು ನನ್ನ ಹಿಂದಿನವಳ ಕಡೆ ನೋಡಿದರು. ಸರಿ, ಕಾಯಬೇಕು. ಸೋಮವಾರ ಶಾಲೆಗೆ ಹೋದೆ, ಮಂಗಳವಾರ ಹೋದೆ. ಬುಧವಾರ ಮೂರನೆಯ ತರಗತಿಗೆ ಭಾಗಾಕಾರ ಹೇಳಿಕೊಡುವಾಗ ತಮ್ಮ ಮತ್ತೆ ಫೋನ್ ಮಾಡಿ, ‘ಹೋದಳು’ ಎಂದ. ಮಣ್ಣಿಗೆ ಮಾತ್ರ ಅಪ್ಪಣೆ ಇಲ್ಲದೆ ಹೋದೆ. ಮತ್ತೆ ಬಳಗದ ಹಾಲ್ ಕಡೆ ತಲೆ ಹಾಕಲಿಲ್ಲ.

ಮಗಳು ಬರಲಿಲ್ಲ. ಹಿಂದಿನ ವರ್ಷವಷ್ಟೇ ಅವಳನ್ನು ಬಳಗದ ಒಳಗೇ, ಸುರಪುರದ ಆಚೆ ದೇವಾಪುರದ ಕಡೆಯ ಮನೆಗೆ ಕೊಟ್ಟಿದ್ದೆ. ಅದೂ ಅಪ್ಪಣೆಯ ಪ್ರಕಾರವೇ. ನಾನು ಬಿಟ್ಟ ಸುದ್ದಿ ಮುಟ್ಟಿದ ದಿನ ಫೋನ್ ಮಾಡಿ ಒಂದೇ ಮಾತು ಹೇಳಿದಳು: “ಅವ್ವಾ, ಇನ್ನ ಮ್ಯಾಲ ಫೋನ್ ಮಾಡಬ್ಯಾಡ್ರಿ.” ಹಿಂದಿನ ವಾರದವರೆಗೆ ‘ನೀ’ ಎಂದು ಜಗಳ ಆಡುತ್ತಿದ್ದವಳು ‘ರಿ’ ಹಚ್ಚಿ ಮಾತಾಡಿದಳು. ಬಳಗದಲ್ಲಿ ಹೊರಗೆ ಹೋದವರ ಜೊತೆ ಜಗಳವಿಲ್ಲ, ಬೈಗುಳವಿಲ್ಲ, ದೂರದ ಬೀಗರ ಜೊತೆ ಮಾತಾಡಿದಂತೆ ಮರ್ಯಾದೆಯಿಂದ ಮಾತಾಡಿ ಮುಗಿಸುತ್ತಾರೆ. ಎರಡು ಸಲ ಅವಳ ಊರಿಗೆ ಹೋದೆ. ಎರಡು ಸಲವೂ ಅವಳ ಅತ್ತೆ ಬಾಗಿಲಲ್ಲಿ ನೀರು ಕೊಟ್ಟು, “ಅಪ್ಪಣಿ ಇಲ್ರಿ” ಎಂದು ಕಳಿಸಿದಳು. ಒಳಗೆ ಮಗಳು ಪಾತ್ರೆ ತಿಕ್ಕುವ ಸಪ್ಪಳ ಕೇಳಿಸುತ್ತಿತ್ತು.

ಅದಕ್ಕೇ ವೆಬ್‌ಸೈಟ್. ಸಮಾಜಸೇವೆ, ಜಾಗೃತಿ ಎಂದೆಲ್ಲ ಹೇಳಿಕೊಂಡರೆ ಸುಳ್ಳಾಗುತ್ತದೆ. ಒಬ್ಬಳು ಓದಲಿ ಎಂದು ಮಾಡಿದೆ. ಉಳಿದವರು ಓದಿದರೆ ಸಂತೋಷ, ಓದದಿದ್ದರೂ ನನಗೇನೂ ಇಲ್ಲ. ಶಾಲೆಯ ಆನ್‌ಲೈನ್ ಕೆಲಸವೆಲ್ಲ ಎಷ್ಟೋ ವರ್ಷದಿಂದ ನನ್ನ ತಲೆಯ ಮೇಲೇ ಇದೆ. ಮಕ್ಕಳ ಹಾಜರಿ, ಆಧಾರ್ ಜೋಡಣೆ, ಬಿಸಿಯೂಟದ ವರದಿ, ಸರ್ವರ್ ಡೌನ್ ಆದರೆ ಬೈಸಿಕೊಳ್ಳುವುದೂ ನಾನೇ. ಹಾಗಾಗಿ ಕಂಪ್ಯೂಟರಿಗೆ ಹೆದರುವವಳಲ್ಲ. ಪುಕ್ಕಟೆ ಸಿಗುವ ಒಂದು ನಮೂನೆ ತೆಗೆದುಕೊಂಡು ಬೇಸಿಗೆ ರಜೆಯಲ್ಲಿ ಕೂತು ಕಟ್ಟಿದೆ. ಮೂರು ದಿನ ಯೋಚಿಸಿ ‘ಹೊರಗಿದ್ದೇವೆ’ ಎಂದು ಹೆಸರಿಟ್ಟೆ.

ಬಳಗದ ಆಫೀಸಿನಲ್ಲಿ ಇಟ್ಟ ಮಾರ್ಕ್ಸ್ ಕಾರ್ಡ್ ವಾಪಸು ಪಡೆಯುವುದು ಹೇಗೆ, ಗಂಡನ ಮನೆಯ ರೇಷನ್ ಕಾರ್ಡಿನಿಂದ ಹೆಸರು ಬೇರೆ ಮಾಡಿಸುವುದು ಹೇಗೆ, ಹತ್ತು ವರ್ಷ ಮುಖ ತೋರಿಸದ ಅಣ್ಣನ ಮನೆ ಬಾಗಿಲಲ್ಲಿ ನಿಂತು ಮೊದಲು ಏನು ಮಾತಾಡಬೇಕು, ಹೀಗೆ ಒಂದೊಂದು ಪುಟ. ಎಲ್ಲವನ್ನೂ ನಾನೇ ಓದಿ ಧ್ವನಿ ಮುದ್ರಿಸಿ ಹಾಕಿದೆ, ಏಕೆಂದರೆ ಬಳಗ ಬಿಟ್ಟವರಲ್ಲಿ ಓದಲು ಬಾರದವರು ಬಹಳ. ಶಹಾಪುರದಲ್ಲಿ ಬ್ಲೌಸು ಹೊಲಿಯುವ ಒಬ್ಬ ಹೆಂಗಸು ಇದ್ದಾಳೆ, ನನಗಿಂತ ಮೊದಲೇ ಹೊರಬಂದವಳು. ಅವಳಿಗೂ ಓದು ಬರುವುದಿಲ್ಲ. ಮಶೀನು ತುಳಿಯುತ್ತಾ ನನ್ನ ಪುಟಗಳನ್ನು ಹಾಡು ಕೇಳಿದಂತೆ ಕೇಳುತ್ತಿದ್ದಳು, ಅಂಗಡಿಗೆ ಬಂದವರ ಕಿವಿಗೂ ಹಾಕುತ್ತಿದ್ದಳು. ವೆಬ್‌ಸೈಟ್ ಊರೂರಿಗೆ ಮುಟ್ಟಿದ್ದು ಅವಳಿಂದ.

ಕೊನೆಯ ಪುಟದಲ್ಲಿ ಪ್ರಶ್ನೆ ಕೇಳಲು ಒಂದು ಜಾಗ ಇಟ್ಟೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಹೆಸರು, ಊರು ಬರೆಯಬೇಡಿ’ ಎಂದು ಹಾಕಿದೆ. ಒಳಗಿರುವವರು ಬರೆದು ಸಿಕ್ಕಿಬಿದ್ದರೆ ಎಂಬ ಹೆದರಿಕೆ. ಪ್ರಶ್ನೆ, ಅದರ ಕೆಳಗೆ ನನ್ನ ಉತ್ತರ, ಎರಡೂ ಎಲ್ಲರಿಗೂ ಕಾಣುತ್ತಿದ್ದವು.

ಮೀನಿನವನಿಗೆ ಬರೆದೆ: ‘ಹಿಡಿಯಿರಿ. ಗುರುವಾರ ಹಿಡಿಯಿರಿ, ಶುಕ್ರವಾರವೂ ಹಿಡಿಯಿರಿ.’ ಅಷ್ಟೇ ಸಾಕಾಯಿತು. ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಮಂಗಳವಾರ ಕಟಿಂಗ್ ಮಾಡಿಸಬಹುದಾ. ಗೋಬಿ ಮಂಚೂರಿ ತಿನ್ನಬಹುದಾ. ಟಿವಿ ನೋಡಿ ನಕ್ಕರೆ ತಪ್ಪೇನ್ರಿ. ಒಬ್ಬಾತ ಗೋಡೆಗೆ ಯಾವ ಬಣ್ಣ ಬಳಿಸಬೇಕೆಂದು ಮೂರು ಸಲ ಕೇಳಿದ. ಕಷ್ಟ ಹೇಳಿಕೊಂಡವರು ಬೆರಳೆಣಿಕೆಯಷ್ಟು, ಉಳಿದವರಿಗೆಲ್ಲ ಅಪ್ಪಣೆ ಬೇಕು. ಮಾಡಿ, ತಿನ್ನಿ, ನಗಿ, ಹಸಿರು ಬಳಿಸಿ ಎಂದು ಬರೆಯುತ್ತಾ ಹೋದೆ. ಸುಳ್ಳು ಯಾಕೆ, ಹಿತವಾಗಿತ್ತು. ಸ್ವಂತ ಮಗಳು ಮಾತು ಬಿಟ್ಟವಳ ಮಾತನ್ನು ಇಷ್ಟು ಜನ ಕೇಳುತ್ತಾರಲ್ಲ ಎಂದು ಒಳಗೊಳಗೇ ಉಬ್ಬಿದೆ. ಒಂದು ದಿನ ಯಾರಿಗೋ ಉತ್ತರ ಬರೆದು ಮುಗಿಸಿ ನೋಡುತ್ತೇನೆ, ‘ಆಗಲಿ’ ಎಂದು ಬರೆದಿದ್ದೇನೆ. ಬರೀ ಅದೊಂದೇ ಶಬ್ದ.

ಅದೇ ವಾರ ಮೀನಿನವನು ನನ್ನ ಶಾಲೆ ಹುಡುಕಿಕೊಂಡು ಬಂದ. ಪೇಪರಿನಲ್ಲಿ ಎರಡು ಮೀನು ಸುತ್ತಿಕೊಂಡು ತಂದಿದ್ದ. ಪ್ರಾರ್ಥನೆಗೆ ನಿಂತ ಮಕ್ಕಳೆಲ್ಲರ ಎದುರಿಗೆ, ನನಗಿಂತ ದೊಡ್ಡ ವಯಸ್ಸಿನವನು, ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಹಿಂದೆ ಸರಿದರೆ ಅವನೂ ಮುಂದೆ ಸರಿದ. ಮೀನಿನ ಪೊಟ್ಟಣ ಅಡುಗೆಯವಳ ಕೈಗೆ ಕೊಟ್ಟು ಅವನನ್ನು ಹೇಗೋ ಸಾಗಹಾಕಿದೆ. ಮುಂದಿನ ಸಲ ಶಹಾಪುರಕ್ಕೆ ಹೋದಾಗ ಹೊಲಿಗೆಯವಳಿಗೆ ಇದನ್ನು ಹೇಳಿದರೆ ಅವಳು ಹಲ್ಲಲ್ಲಿ ದಾರ ಕಡಿದು, “ಅಕ್ಕಾ, ಈಗ ನೀವ ದೊಡ್ಡವರಾದ್ರಿ ನೋಡ್ರಿ” ಎಂದು ನಕ್ಕಳು.

ತಮಾಷೆಗೆ ಹೇಳಿದ್ದು. ನನಗೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಯಾದಗಿರಿಯ ತನಕ ಅದೇ ಮಾತು ಕಿವಿಯಲ್ಲಿ. ಅಲ್ಲಿಂದ ತಪ್ಪಿಸಿಕೊಂಡು ಬಂದವಳು ಇಲ್ಲಿ ಇನ್ನೊಂದು ಸಾಲು ನಿಲ್ಲಿಸಿಕೊಂಡು ಕೂತಿದ್ದೇನೆ ಎಂದು ನನ್ನ ಮೇಲೆ ನನಗೇ ಹೇಸಿಗೆ ಆಯಿತು. ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಕಂಪ್ಯೂಟರ್ ಮುಂದೆ ಕೂತು ಬರೆದೆ: ‘ಇಲ್ಲಿ ಯಾರೂ ಯಾರಿಗೂ ಅಪ್ಪಣೆ ಕೊಡುವುದಿಲ್ಲ. ನಿಮ್ಮ ಬದುಕು ನಿಮ್ಮದು. ನೀವೇ ನಿರ್ಧಾರ ಮಾಡಿ.’ ಓದಿ ನೋಡಿಕೊಂಡರೆ ಚೆನ್ನಾಗಿತ್ತು, ಪಠ್ಯಪುಸ್ತಕದಲ್ಲಿ ಹಾಕುವ ಹಾಗಿತ್ತು. ಧ್ವನಿಯನ್ನೂ ಮುದ್ರಿಸಿ ಹಾಕಿದೆ. ಅಂದಿನಿಂದ ಯಾರು ಏನು ಅಪ್ಪಣೆ ಕೇಳಿದರೂ ಈ ಮೂರು ವಾಕ್ಯ ಅಂಟಿಸುವುದು ಎಂದು ನಿಯಮ ಮಾಡಿಕೊಂಡೆ.

ಹೊಲಿಗೆಯವಳಿಗೆ ಅದು ಸರಿಬೀಳಲಿಲ್ಲ. “ನಡಿಯಾಕ ಬರಲಾರದವ್ರ ಕೈ ಬಿಟ್ಟಂಗ ಆತಲ್ರಿ ಅಕ್ಕಾ” ಎಂದು ಫೋನಿನಲ್ಲಿ ಹೇಳಿದಳು. “ಬಿದ್ದರ ಏಳತಾರ ಬಿಡು. ಎಷ್ಟ ದಿನಾ ಅಂತ ಕೈ ಹಿಡದು ನಡಸೂದು?” ಎಂದು ನಾನು ದಬಾಯಿಸಿದೆ. ನನಗೆ ದಬಾಯಿಸುವುದು ಚೆನ್ನಾಗಿ ಬರುತ್ತದೆ, ಅದೇ ನನ್ನ ಕೆಲಸ.

ಪ್ರಶ್ನೆಗಳು ಕಡಿಮೆಯಾದವು. ಬಣ್ಣದವನು ನಿಂತ, ಕಟಿಂಗಿನವರು ನಿಂತರು. ಜನ ಕಲಿತರು ಎಂದುಕೊಂಡೆ. ಮೀನಿನವನು ಬಳಗಕ್ಕೆ ವಾಪಸು ಹೋಗಿದ್ದಾನೆ ಎಂದು ಆಮೇಲೆ ಗೊತ್ತಾಯಿತು. ಅಲ್ಲಿ ಯಾವ ದಿನ ಮೀನು ಹಿಡಿಯಬೇಕು ಎಂದಾದರೂ ಹೇಳುತ್ತಾರಂತೆ. ಅವನ ಹಿಂದೆ ಇನ್ನೂ ಇಬ್ಬರು ಮೂವರು ಹೋದರು. ಹೋಗುವವರು ಹೋಗಲಿ ಎಂದು ಸಿಟ್ಟಿನಿಂದ ಸುಮ್ಮನಾದೆ.

ಮಳೆಗಾಲದ ಒಂದು ಸೋಮವಾರ, ಬಿಸಿಯೂಟ ಮುಗಿದು ಮಕ್ಕಳು ನಲ್ಲಿಯ ಹತ್ತಿರ ತಟ್ಟೆ ತೊಳೆಯುವಾಗ, ಫೋನಿನಲ್ಲಿ ವೆಬ್‌ಸೈಟ್ ತೆಗೆದು ನೋಡಿದೆ. ಹಿಂದಿನ ದಿನ ಒಂದು ಪ್ರಶ್ನೆ ಬಂದಿತ್ತು. ‘ಲಗ್ನ ಆದ ಮ್ಯಾಲ ತವರಮನಿಗೆ ಕಾಲಿಟ್ಟಿಲ್ಲ. ನಮ್ಮವ್ವ ಒಬ್ಬಾಕಿನ ಅದಾಳ. ಹೋಗಬೇಕು ಅನಸ್ತದ. ಹೇಳ್ರಿ.’

ಇಂಥವರು ಬಳಗದ ಪ್ರತಿ ಊರಿನಲ್ಲೂ ಇದ್ದಾರೆ. ಒಬ್ಬಳೇ ಇರುವ ತಾಯಂದಿರೂ ಇದ್ದಾರೆ. ಮೂರು ವಾಕ್ಯ ಅಂಟಿಸಿದೆ. ಯಾವನೋ ಹುಡುಗ ಇನ್ನೊಬ್ಬನ ಮೇಲೆ ನೀರು ಎರಚಿದ, ಅವನನ್ನು ಗದರಿಸಲು ಹೋದೆ.

ಮುಂದಿನ ಸೋಮವಾರ ಅವಳದೇ ಇನ್ನೊಂದು ಬಂದಿತ್ತು. ‘ನೀವು ಹೂಂ ಅಂದ್ರ ಸಾಕ್ರಿ. ಹೋಗ್ತೀನಿ.’ ನನಗೆ ರೇಗಿತು. ಇಷ್ಟು ಬಿಡಿಸಿ ಬರೆದರೂ ಅರ್ಥವಾಗುವುದಿಲ್ಲವೇ ಎಂದು ಮತ್ತೆ ಅದೇ ಮೂರು ವಾಕ್ಯ ಅಂಟಿಸಿ, ಕೆಳಗೆ ನಾಲ್ಕನೆಯದನ್ನು ಸೇರಿಸಿದೆ: ‘ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಬೇಡಿ.’

ಚಳಿ ಶುರುವಾದಾಗ ಶಿಕ್ಷಕರ ತರಬೇತಿ ಎಂದು ಶಹಾಪುರಕ್ಕೆ ಹೋದೆ. ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು, ಹೊಲಿಗೆಯವಳ ಅಂಗಡಿಯಲ್ಲಿ ಕೂತೆ. ಚಹಾ ಕೊಟ್ಟು, ಆಚೆ ಈಚೆ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು: “ಅಕ್ಕಾ, ಮಗಳು ಬಂದು ಹೋದ್ಲೇನ್ರಿ?”

“ಯಾರ ಮಗಳು?”

“ನಿಮ್ಮ ಮಗಳ್ರಿ. ಆವಾಗ ಬರದಿದ್ಲಲ್ರಿ, ನನ್ನ ಫೋನಿನಾಗ.”

ಚಹಾದ ಲೋಟ ಕೆಳಗಿಟ್ಟೆ. ಅವಳು ಒಂದೊಂದಾಗಿ ಹೇಳಿದಳು. ಭಾನುವಾರ ಅತ್ತೆಯ ಜೊತೆ ಬಳಗದ ಹಾಲ್‌ಗೆ ಬರುತ್ತಿದ್ದ ನನ್ನ ಮಗಳು ಬ್ಲೌಸು ಹೊಲಿಸುವ ನೆಪ ಮಾಡಿ ಅಂಗಡಿಗೆ ಬಂದಿದ್ದಳು. ವೆಬ್‌ಸೈಟ್ ತೋರಿಸು ಎಂದು ಕೇಳಿ, ಮೂಲೆಯಲ್ಲಿ ಕೂತು ನನ್ನ ಧ್ವನಿ ಕೇಳಿದ್ದಳು, ಆಮೇಲೆ ಏನೋ ಬರೆದಿದ್ದಳು. ಮುಂದಿನ ಭಾನುವಾರ ಮತ್ತೆ ಬಂದು ಉತ್ತರ ಓದಿ, ಮತ್ತೆ ಬರೆದಿದ್ದಳು. ಮೂರನೆಯ ಭಾನುವಾರ ಬಂದು ಓದಿದಳು, ಫೋನ್ ವಾಪಸು ಕೊಟ್ಟಳು, ಬ್ಲೌಸು ತೆಗೆದುಕೊಂಡು ಹೋದಳು. ಆಮೇಲೆ ಬರಲಿಲ್ಲ.

“ನನಗರೆ ಓದಾಕ ಬರಂಗಿಲ್ರಿ. ಏನ ಬಂದದವಾ ಅಂತ ಕೇಳಿದ್ರ ಏನೂ ಅನ್ಲಿಲ್ಲ. ನಿಮಗ ಹೇಳ್ತೀನಿ ಅಂದ್ರ ಆಣಿ ಹಾಕಿಸಿಕೊಂಡ್ಲು. ‘ನಮ್ಮವ್ವಗ ತಿಳೀತದ, ನೀವೇನ ಹೇಳಬ್ಯಾಡ್ರಿ’ ಅಂದ್ಲು. ನಾ ಹಂಗ ತಿಳಕೊಂಡಿದ್ನಿ ಅಕ್ಕಾ, ನಿಮಗ ತಿಳದೈತಿ ಅಂತ.”

ನಮ್ಮವ್ವಗ ತಿಳೀತದ. ನಲವತ್ತು ಮಕ್ಕಳ ಪುಸ್ತಕ ಒಟ್ಟಿಗೆ ಹಾಕಿದರೂ ಅಕ್ಷರ ನೋಡಿ ಯಾರದೆಂದು ಹೇಳುವವಳು ನಾನು. ಅದನ್ನು ಅವಳ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದೆನೋ. ಫೋನಿನಲ್ಲಿ ಎಲ್ಲರ ಅಕ್ಷರವೂ ಒಂದೇ. ಹೆಸರು ಬರೆಯಬೇಡಿ ಎಂದವಳೂ ನಾನೇ. ಆದರೂ ಇದೆಲ್ಲ ನೆಪ. ಒಂದು ಕ್ಷಣ ನಿಂತು ಓದಿದ್ದರೆ ತಿಳಿಯುತ್ತಿತ್ತು. ತಿಳಿಯದಿದ್ದರೂ, ಯಾರ ಮಗಳಾದರೇನು, ‘ಹೋಗವ್ವ’ ಎನ್ನಲು ಏನು ದಾಡಿಯಾಗಿತ್ತು ನನಗೆ? ಮೀನಿಗೆ ಹೂಂ ಎಂದೆ, ಗೋಬಿಗೆ ಹೂಂ ಎಂದೆ.

ಯಾದಗಿರಿಯ ಬಸ್ಸು ಬಿಟ್ಟು ಅಂದು ಹೊಲಿಗೆಯವಳ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಎದ್ದು ಸುರಪುರದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹತ್ತಿ ಮಗಳ ಊರಿಗೆ ಇಳಿದಾಗ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋದೆ.

ಈ ಸಲ ಬಾಗಿಲಲ್ಲಿ ಮಗಳೇ ಇದ್ದಳು, ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತೀರ ಸೊರಗಿದ್ದಳು. ಅತ್ತೆ ಒಳಗಿಂದ ಬಂದು ಹೊಸ್ತಿಲಲ್ಲಿ ನಿಂತಳು, ಆದರೆ ತಡೆಯಲಿಲ್ಲ. ಯಾಕೆ ತಡೆಯಲಿಲ್ಲ ಎಂಬುದು ಆಗ ಹೊಳೆಯಲಿಲ್ಲ, ಒಳ್ಳೆಯ ಲಕ್ಷಣ ಎಂದುಕೊಂಡೆ.

“ಅದು ನೀ ಬರದದ್ದು ಅಂತ ನನಗ ತಿಳೀಲಿಲ್ಲವ್ವ” ಎಂದೆ.

“ಹೌದ್ರಿ” ಎಂದಳು. ಕೈ ತೊಗರಿಯಲ್ಲೇ ಇತ್ತು. “ಹೆಸರು ಬರೀಬ್ಯಾಡ್ರಿ ಅಂತ ಇತ್ತು.”

“ಈಗ ಹೇಳಾಕ ಬಂದೀನಿ. ಹೂಂ ಅಂತೀನಿ. ನಡಿ, ಈಗ ನಡಿ, ಉಟ್ಟ ಸೀರಿ ಮ್ಯಾಲ ನಡಿ. ನಾ ಅಪ್ಪಣಿ ಕೊಡ್ತೀನಿ.” ಯಾವ ಶಬ್ದ ಇನ್ನು ಬಾಯಿಗೆ ಬರಬಾರದು ಎಂದುಕೊಂಡಿದ್ದೆನೋ ಅದನ್ನೇ ಅಂಗಳದಲ್ಲಿ ನಿಂತು ಕೂಗಿ ಹೇಳಿದೆ. ಎದುರು ಮನೆಯವರು ಹೊರಗೆ ಬಂದು ನೋಡಿದರು.

ಮಗಳು ಮೊರ ಕೆಳಗಿಟ್ಟಳು. “ಆಮ್ಯಾಲ ಅಲ್ಲಿ ದೊಡ್ಡವರನ್ನ ಕೇಳಿದೆನ್ರಿ. ನಿಮಗ ಬರದದ್ದೂ ಹೇಳಿದೆ. ಬ್ಯಾಡ ಅಂದಾರ.”

“ಅವರ್ಯಾರು ಬ್ಯಾಡ ಅನ್ನಾಕ? ನಿನ್ನ ಹಡದಾಕಿ ನಾನಾ, ಅವರಾ?”

ಅವಳಿಗೆ ಸಿಟ್ಟು ಬರಲಿ ಎಂದು ಕಾದೆ. ಚಿಕ್ಕವಳಿದ್ದಾಗ ನನ್ನಷ್ಟೇ ಸಿಟ್ಟಿತ್ತು ಅವಳಿಗೆ, ತಟ್ಟೆ ಎತ್ತಿ ಒಗೆಯುತ್ತಿದ್ದಳು. ಬೈದಿದ್ದರೆ ಅಲ್ಲೇ ಕೂತು ಬೈಸಿಕೊಳ್ಳುತ್ತಿದ್ದೆ. ಅವಳು ಶಾಂತವಾಗಿ, ಬಂದ ಬೀಗರಿಗೆ ಲೆಕ್ಕ ತಿಳಿಸಿ ಹೇಳುವವರ ಹಾಗೆ ಹೇಳಿದಳು: “ಅವರು ಬ್ಯಾಡ ಅಂತಾದ್ರೂ ಅಂದ್ರು. ನಾ ಕೇಳಿದ ದಿನ ನೀವು ಏನೂ ಅನ್ನಲಿಲ್ರಿ.”

ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಕುಡಿದೆ. ಮಧ್ಯಾಹ್ನದ ಮೇಲೆ ಸುರಪುರಕ್ಕೆ ಬಸ್ಸಿಲ್ಲ, ಈಗಲೇ ಹೊರಡುವುದು ಒಳ್ಳೆಯದು ಎಂದು ಅತ್ತೆ ನೆನಪಿಸಿದಳು. ಹೊರಟೆ. ಮಗಳು ಮೊರದ ಮುಂದೆ ಮತ್ತೆ ಕೂತಳು. ತಡೆಯುವ ಅಗತ್ಯವೇ ಅವರಿಗೆ ಉಳಿದಿರಲಿಲ್ಲ.

ಆ ಮೂರು ವಾಕ್ಯವನ್ನು ತೆಗೆದುಹಾಕಿದ್ದೇನೆ. ವೆಬ್‌ಸೈಟ್ ಇನ್ನೂ ಇದೆ. ಅಪರೂಪಕ್ಕೆ ಯಾರಾದರೂ ಏನಾದರೂ ಕೇಳುತ್ತಾರೆ, ಅಂದೇ ಹೂಂ ಎಂದು ಬರೆಯುತ್ತೇನೆ. ಅದರಿಂದ ಯಾರಿಗೆ ಏನು ಒಳ್ಳೆಯದಾಗುತ್ತದೋ ನನಗೆ ಗೊತ್ತಿಲ್ಲ, ದೊಡ್ಡವರಾದಿರಿ ಎಂದು ಯಾರಾದರೂ ನಕ್ಕರೂ ಈಗ ಉರಿಯುವುದಿಲ್ಲ. ಮಗಳು ಓದುತ್ತಾಳೆಂಬ ಆಸೆ ಬಿಟ್ಟಿದ್ದೇನೆ. ಬಳಗದವರು ನನ್ನ ಮಗಳನ್ನು ಕಿತ್ತುಕೊಂಡರು ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡು ಅತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಅವಳು ನನ್ನ ಬಾಗಿಲಿಗೆ ಎರಡು ಸಲ ಬಂದಿದ್ದಳು, ಎರಡು ಸಲವೂ ತಿರುಗಿಸಿ ಕಳಿಸಿದವಳು ನಾನು.